ಹೆಫ್ಟ್ ಆದ ಮಂದೆ

ಆಗ್ನೆಸ್ ರೆಲ್ಫ್ ಕುರಿ ಕಾಯುತ್ತಾಳೆ ಎಂದು ಯಾರಾದರೂ ಅಂದರೆ ಅವಳ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಕಾಯುವುದೇನು ಬಂತು? ಇಂಗ್ಲೆಂಡಿನ ಕಂಬ್ರಿಯಾದ ಬೆಟ್ಟದ ಕುರಿಗೆ ಬೇಲಿಯೂ ಬೇಡ, ಕಾವಲೂ ಬೇಡ. ತಾಯಿ ಮೇದಲ್ಲೇ ಮರಿ ಮೇಯುತ್ತದೆ, ಆ ಮರಿಯ ಮರಿಯೂ ಅಲ್ಲೇ. ಆ ಜಾಗದ ಹೆಸರು ಹೆಫ್ಟ್. ಅದನ್ನು ಬಿಟ್ಟು ಕದಲದ ಕುರಿ ‘ಹೆಫ್ಟ್ ಆದ’ ಕುರಿ. ಮದುವೆಯಾಗಿ ಬಂದವಳು ತವರಿನ ಹಂಬಲ ಬಿಟ್ಟರೆ ಅವಳಿಗೂ ಇದೇ ಮಾತು ಸಲ್ಲುತ್ತದೆ. ಪೇಟೆಯ ಜನಕ್ಕೆ ಮಾತ್ರ ಹೆಫ್ಟ್ ಎಂದರೆ ಕೈಗೆತ್ತಿಕೊಂಡ ವಸ್ತುವಿನ ಭಾರ, ಅಷ್ಟೇ. ಪಾಪ, ಅವರಿಗೆ ತಿಳಿದದ್ದು ಅಷ್ಟು.

ಕಾಲುಬಾಯಿ ರೋಗದ ವರ್ಷ ಸರ್ಕಾರದವರು ಬಂದು ಆಗ್ನೆಸಳ ಮಂದೆಯನ್ನು ಪೂರ್ತಿ ಕೊಂದರು. ಅವಳು ಬೇರೆ ಕಣಿವೆಯಿಂದ ಹೊಸ ಕುರಿಗಳನ್ನು ತಂದಳು. ನೋಡಲು ಅದೇ ತಳಿ, ಬೆನ್ನಿಗೆ ಅವಳು ಬಳಿದ ಅದೇ ಕೆಂಪು ಗುರುತು. ಆದರೆ ಬೆಟ್ಟದ ಗುರುತೇ ಅವಕ್ಕಿರಲಿಲ್ಲ. ಹೋದವು ನೆಟ್ಟಗೆ ಆಚೆ ಮಗ್ಗುಲಿಗೆ, ನೆರೆಯ ಕುರಿಗಾರ ಜಾಸ್ ಟೈಸನ್ನನ ಹುಲ್ಲಿಗೆ.

ಆ ಶರತ್ಕಾಲ, ತಪ್ಪಿಸಿಕೊಂಡ ಕುರಿಗಳನ್ನು ಒಡೆಯರಿಗೆ ಒಪ್ಪಿಸುವ ಕುರುಬರ ಕೂಟದಲ್ಲಿ, ಅವಳ ಹೆಸರಿನ ದೊಡ್ಡಿ ತುಂಬಿ ತುಳುಕಿತು.

“ಏನಮ್ಮಾ ಆಗ್ನೆಸ್, ನಮ್ಮನೆ ಊಟಾನೇ ರುಚಿ ಅನ್ನಿಸ್ತಾ ನಿನ್ನ ಕುರಿಗಳಿಗೆ?” ಎಂದ ಜಾಸ್.

“ಇರ್ಲಿ ಬಿಡೋ ಮಾರಾಯಾ, ನಿನ್ನ ಮನೆಗೆ ಬೇರೆ ಯಾರು ಬರ್ತಾರೆ!”

ಎಲ್ಲರೂ ನಕ್ಕರು. ಜಾಸ್ ನಗಲಿಲ್ಲ. “ತಮಾಷೆ ಸಾಕು. ತಂತಿಬೇಲಿ ಹಾಕು. ನನ್ನ ಕುರಿಗೆ ಹುಲ್ಲಿಲ್ಲ.”

“ಬೇಲಿ ಹಾಕಿದ್ರೆ ಮುಗೀತು. ಆಮೇಲೆ ಯಾವ ಮರೀನೂ ಏನೂ ಕಲಿಯಲ್ಲ. ಈ ಬೆಟ್ಟದಲ್ಲಿ ಹುಟ್ಟೋ ಮರಿಗಳು ತಾಯಾಗೋ ತನಕ ತಡಿ. ಆಮೇಲೂ ಒಂದೇ ಒಂದು ನಿನ್ನ ಕಡೆ ಬಂದ್ರೆ ನಾನೇ ಕಂಬ ನೆಡ್ತೀನಿ.”

ಕೈಗೆ ಕೈ ತಟ್ಟಿದರು. ಅಲ್ಲಿ ಹಾಗೆ ತಟ್ಟಿದ ಮೇಲೆ ಹಿಂದೆಗೆಯುವಂತಿಲ್ಲ.

ಅಂದಿನಿಂದ ಬೆಳಗೂ ಸಂಜೆಯೂ ಅವಳು ಬೆಟ್ಟದ ನೆತ್ತಿಯ ಮೇಲಿದ್ದಳು. ದಾಟಲು ಬಂದ ಕುರಿಗಳನ್ನು ತಿರುಗಿಸುವುದು, ಅವು ಇನ್ನೊಂದು ಕಡೆ ನುಗ್ಗಿದರೆ ಅಲ್ಲಿಗೆ ಓಡುವುದು. ಹಿಮ ಬಿದ್ದರೂ ಅದೇ, ಜ್ವರ ಬಂದರೂ ಅದೇ. ಮಂಡಿನೋವಿನ ಗಂಡ ವಿಲ್ಫ್ ಕೆಳಗೆ ಒಲೆಯ ಮುಂದೆ ಕೂತು, “ನಾಯಿಗಾದ್ರೂ ಒಂದಿನ ರಜಾ ಕೊಡೇ” ಎನ್ನುತ್ತಿದ್ದ. ನಾಯಿಗೆ ಕೊಟ್ಟಳು. ತಾನು ತೆಗೆದುಕೊಳ್ಳಲಿಲ್ಲ. ಎಂಥ ಹಟಮಾರಿ ಹೆಂಗಸು, ಅವಳನ್ನು ನೆನೆದರೆ ನನಗೆ ಈಗಲೂ ಎದೆಯುಬ್ಬುತ್ತದೆ.

ಬೆಟ್ಟದಲ್ಲಿ ಹುಟ್ಟಿದ ಮರಿಗಳು ಬೆಳೆದವು, ಈದವು. ವಾಯಿದೆಯ ಕೂಟ ಬಂತು. ಕುರುಬರು ಒಬ್ಬೊಬ್ಬರಾಗಿ ಸಿಕ್ಕ ಕುರಿಗಳನ್ನು ತಂದು ಆಯಾ ಒಡೆಯರ ದೊಡ್ಡಿಗೆ ಬಿಟ್ಟರು. ಜಾಸ್ ಕೊನೆಗೆ ಬಂದ. ಆಗ್ನೆಸಳ ದೊಡ್ಡಿಗೆ ಅಲ್ಲಿಯವರೆಗೆ ಒಂದೂ ಬಂದಿರಲಿಲ್ಲ. ಅವನ ಹಿಂದೆ ಬಂದದ್ದು ಅವನ ನಾಯಿಯೊಂದೇ.

“ಒಂದಾದ್ರೂ ಸಿಗ್ಲಿ ಅಂತ ಹುಡುಕಿದೆ ಕಣಮ್ಮಾ, ಸುಳ್ಳು ಯಾಕೆ ಹೇಳ್ಲಿ. ಮೂಲೆಮೂಲೆ ಜಾಲಾಡಿದೆ. ಕೆಂಪು ಗುರುತಿನ ಒಂದು ಬಾಲಾನೂ ಕಾಣ್ಲಿಲ್ಲ.”

ವಿಲ್ಫ್ ಹೆಂಡತಿಯ ತೋಳು ಹಿಡಿದ. “ನಡಿಯೇ ಮನೆಗೆ. ಹೊಡ್ಕೊಂಡು ಹೋಗೋಕೆ ಒಂದು ಕುರೀನೂ ಇಲ್ಲ, ಇಲ್ಲಿ ನಮಗೇನು ಕೆಲಸ?”

“ನೀನು ಹೋಗು,” ಎಂದು ಆಗ್ನೆಸ್ ಖಾಲಿ ದೊಡ್ಡಿಯ ಬಾಗಿಲನ್ನು ಹಾರುಹೊಡೆದು, ಸೊಂಟಕ್ಕೆ ಕೈಯಿಟ್ಟು ನಿಂತಳು. “ಕತ್ತಲಾಗೋವರೆಗೂ ನಾನಿಲ್ಲೇ ಇರ್ತೀನಿ. ಎಲ್ಲರೂ ಬಂದು ಒಳಗೆ ನೋಡ್ಲಿ.”