ಅಕ್ಕಿಹಿಟ್ಟಿನ ಗ್ರಹಗಳು

ಗ್ರಹಗಳು ಹೇಗೆ ಹುಟ್ಟುತ್ತವೆ ಎಂದು ಹತ್ತು ನಿಮಿಷದಲ್ಲಿ ತೋರಿಸಬೇಕಿತ್ತು. ಚಿಕ್ಕಬಳ್ಳಾಪುರದಲ್ಲಿ ವಿಜ್ಞಾನ ಶಿಕ್ಷಕರ ಮಾದರಿ ಸ್ಪರ್ಧೆ. ಹದಿನಾಲ್ಕು ವರ್ಷ ಪಾಠ ಹೇಳಿದ ಮೇಲೆ ಮೊದಲ ಸಲ ನನ್ನ ಹೆಸರು ಹೋಗಿತ್ತು. ಅಲ್ಲಿ ಪ್ರತಿ ವರ್ಷ ಗೆಲ್ಲುವುದು ಅದೇ ಥರ್ಮಾಕೋಲ್ ಉಂಡೆಗಳ ಸೌರಮಂಡಲ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಚಿನ ದೊಡ್ಡ ದೂರದರ್ಶಕಗಳ ಚಿತ್ರಗಳಲ್ಲಿ ಎಳೆಯ ನಕ್ಷತ್ರಗಳ ಸುತ್ತ ಧೂಳಿನ ತಟ್ಟೆ ಕಾಣುತ್ತದೆ, ಅದರಲ್ಲಿ ಉಂಗುರಗಳು, ನಡುವೆ ಖಾಲಿ ದಾರಿಗಳು. ಹುಟ್ಟುತ್ತಿರುವ ಗ್ರಹವೇ ಧೂಳು ಗುಡಿಸಿಕೊಂಡು ಆ ದಾರಿ ಮಾಡಿರಬಹುದಂತೆ. ಧೂಳಿಗೆ ಧೂಳು ಅಂಟಿ ಹರಳಾಗುವುದು ಗೊತ್ತು. ಹರಳುಗಳು ಡಿಕ್ಕಿ ಹೊಡೆದರೆ ಒಡೆಯಬೇಕಲ್ಲ, ಬೆಟ್ಟವಾಗಿ ಬೆಳೆಯುವುದು ಹೇಗೆ? ಅದಿನ್ನೂ ಪೂರ್ತಿ ತೀರ್ಮಾನವಾಗಿಲ್ಲ. ತೀರ್ಮಾನವಾಗದ್ದನ್ನೇ ತೋರಿಸಬೇಕೆಂಬ ಹಟ ನನ್ನದು.

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವುದು ಅತ್ತೆ. ಅವರಿಂದ ಒಂದು ಹಳೆಯ ಚಂದ್ರಿಕೆ ಕೇಳಿ ಪಡೆದೆ. ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆ ಅದು. ಮೇಲೆ ಬಿದಿರಿನ ಪಟ್ಟಿ ಸುತ್ತುಸುತ್ತಾಗಿ ಹೋಗಿರುತ್ತದೆ. ಗೋಂದು ಬಳಿದು ಅಕ್ಕಿಹಿಟ್ಟು ಉದುರಿಸಿ, ಎರಡು ಸುತ್ತು ಖಾಲಿ ಬಿಟ್ಟು, ಅಲ್ಲಿ ಮಣ್ಣಿನ ಉಂಡೆ ಕೂರಿಸಿದೆ. ಸ್ಪರ್ಧೆಯ ಹಿಂದಿನ ಸಂಜೆ ಒಣಗಲೆಂದು ಹುಳುವಿನ ಮನೆಯ ಗೋಡೆಗೆ ಒರಗಿಸಿದೆ.

ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಬೂದಿ.

“ಅತ್ತೇ, ನನ್ ಚಂದ್ರಿಕೆ ಎಲ್ಲಿ?”

“ಸುಟ್ಟಾಕ್ದೆ ಕಣಮ್ಮ. ಮೈ ತುಂಬಾ ಸುಣ್ಣಕಟ್ಟು ಹಿಡ್ದಿತ್ತು.”

ಸುಣ್ಣಕಟ್ಟು ಎಂದರೆ ಹುಳು ಬಳಪದಂತೆ ಬೆಳ್ಳಗೆ ಸೆಟೆದು ಸಾಯುವ ರೋಗ. ಅದರ ಬಿಳಿ ಪುಡಿ ಸೋಕಿದರೆ ಸಾಕು, ಮನೆಯ ಹುಳುವೆಲ್ಲ ಹೋಗುತ್ತದೆ. ಒಳಗೆ ಇನ್ನೇನು ನಾಲ್ಕು ದಿನಕ್ಕೆ ಗೂಡಿಗೆ ಬರುವ ಹುಳು ಸೊಪ್ಪು ಮೇಯುತ್ತಿತ್ತು. ಅಂಥ ಮನೆಯ ಗೋಡೆಗೆ ಬಿಳಿ ಪುಡಿ ಬಳಿದ ಚಂದ್ರಿಕೆ ಒರಗಿಸಿದ್ದು ನನ್ನದೇ ದಡ್ಡತನ. ಆದರೆ ಬಸ್ಸಿಗೆ ಒಂದು ಗಂಟೆ ಇರುವಾಗ ಅದನ್ನೆಲ್ಲ ಒಪ್ಪಿಕೊಳ್ಳುವವರು ಯಾರು? ಹದಿನೈದು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

“ಅಕ್ಕಿಹಿಟ್ಟು ಅದು! ಒಂದ್ಸಲ ಮೂಸಿ ನೋಡ್ಬಾರ್ದಿತ್ತಾ? ಸುಣ್ಣಕಟ್ಟಲ್ಲಿ ಮಣ್ಣಿನ ಉಂಡೆ ಇರ್ತವಾ?” ಎಂದು ರೇಗಿದೆ. ಅದೇ ಸಿಟ್ಟಿನಲ್ಲಿ ನಕ್ಷತ್ರ, ಧೂಳು, ಉಂಗುರ, ಗ್ರಹ ಎಲ್ಲವನ್ನೂ ಒದರಿದೆ. ಸ್ಪರ್ಧೆಗೆಂದು ಬಾಯಿಪಾಠ ಮಾಡಿದ್ದ ಒಂದು ಮಾತನ್ನೂ ಬಿಡಲಿಲ್ಲ.

ಅತ್ತೆ ಸೊಪ್ಪಿನ ಕುಕ್ಕೆ ಕೆಳಗಿಳಿಸಿ ನಿಂತು ಕೇಳಿದರು. ಖಾಲಿ ದಾರಿಯ ಮಾತು ಬಂದಾಗ, “ಅದ್ನ ಆ ಉಂಡೇನೇ ತಿಂದಿರ್ತೈತಾ?” ಎಂದು ಕೇಳಿದರು. ಹೌದೆಂದೆ.

“ಚೆನ್ನಾಗೈತೆ ಕಣಮ್ಮ. ಇಷ್ಟ್ ದಿನದಿಂದ ಮಾಡ್ತಿದ್ದೀಯಲ್ಲ, ನಂಗೊಂದ್ ಮಾತ್ ಹೇಳಿದ್ರೆ ಸುಡ್ತಿದ್ನಾ?”

ಚಂದ್ರಿಕೆ ಯಾಕೆ ಎಂದು ಅವರು ಕೊಡುವಾಗಲೇ ಕೇಳಿದ್ದರು. “ಸ್ಕೂಲ್ ಕೆಲ್ಸ ಅತ್ತೆ, ನಿಮ್ಗೆ ಅರ್ಥ ಆಗಲ್ಲ ಬಿಡಿ” ಎಂದಿದ್ದೆ.