ವೊಂಡ್ರನ ಹೂಂಕಾರ

ಪ್ರಾಗ್‌ನ ನಮ್ಮ ವಾದ್ಯವೃಂದದಲ್ಲಿ ಮಾತ್ಯೇಯ್ ವೊಂಡ್ರನಷ್ಟು ದೊಡ್ಡ ಬಾಯಿ ಇನ್ನೊಬ್ಬನಿಗಿರಲಿಲ್ಲ. ಆಳೆತ್ತರದ ಪಿಟೀಲಿನಂಥ ಡಬಲ್ ಬೇಸನ್ನು ಕಮಾನಿನಿಂದ ನುಡಿಸುವ ನಮ್ಮ ಐವರಲ್ಲಿ ಅವನೇ ಮುಂದಾಳು. ಪ್ರತಿ ಸಲ ಶುರುಮಾಡುವ ಮೊದಲು ಗಂಟಲೊಳಗೇ ‘ಹೂಂ’ ಎನ್ನುವುದು ಅವನ ಚಾಳಿ. ಎಮ್ಮೆಯ ಪಕ್ಕ ನಿಂತ ಹಾಗಿದೆ ಎಂದು ನಾನು ಗೊಣಗುತ್ತಿದ್ದೆ.

ನಮ್ಮೂರ ಸಂಗೀತ ರಚನಕಾರ ರೆಹಾಕರ ಸಿಂಫನಿಯನ್ನು ಮೊದಲ ಸಲ ರೆಕಾರ್ಡ್ ಮಾಡಿದಾಗ ಮೈಕ್ ಇರಲಿಲ್ಲ. ತಗಡಿನ ಕಹಳೆಯೊಂದರ ಮುಂದೆ ಎಲ್ಲರೂ ಒತ್ತಿಕೊಂಡು ಕೂತು ನುಡಿಸಬೇಕು. ಬೇಸ್‌ಗಳ ದನಿಯನ್ನು ಅದು ಹಿಡಿಯುತ್ತಿರಲಿಲ್ಲವಾದ್ದರಿಂದ ನಮ್ಮನ್ನು ಹೊರಗಿಟ್ಟು, ನಮ್ಮ ಪಾಲನ್ನು ಟ್ಯೂಬಾ ಊದುವವನಿಗೆ ಕೊಟ್ಟರು. ಆ ಸಿಂಫನಿಯ ಎರಡನೇ ಭಾಗ ಶುರುವಾಗುವುದೇ ಬರೀ ಬೇಸ್‌ಗಳಿಂದ!

“ಇದು ರೆಹಾಕ್ ಅಲ್ಲ ಕಣಯ್ಯಾ, ಸರ್ಕಸ್ಸು,” ಎಂದ ವೊಂಡ್ರ ಗ್ರಾಮಫೋನ್ ತಟ್ಟೆ ಕೇಳಿ. “ನಾನು ನುಡಿಸಿದ್ದು ತಟ್ಟೆಗೆ ಇಳೀದೆ ನಾನು ಕೆಲಸ ಬಿಟ್ಟು ಮನೆಗೆ ಹೋಗಲ್ಲ.”

ಮೈಕ್ ಬಂದು, ಅದೇ ಸಿಂಫನಿಯನ್ನು ಮತ್ತೆ ಹಿಡಿಯುವ ಹೊತ್ತಿಗೆ ೧೯೨೯. ಆ ಬೇಸಿಗೆಗೇ ಅವನ ನಿವೃತ್ತಿ. ಎರಡನೇ ಭಾಗ ಶುರುವಾಯಿತೋ ಇಲ್ಲವೋ, ಮೇಣದ ತಟ್ಟೆಯ ಮೇಲೆ ದನಿ ಕೊರೆಯುವ ಯಂತ್ರದವನು ಪಕ್ಕದ ಕೋಣೆಯಿಂದ ಹೊರಗೆ ಬಂದ.

“ಯಾರ್ರೀ ಅದು ಗುಟುರು ಹಾಕಿದ್ದು? ಮೇಣದ ತಟ್ಟೆ ಹಾಳಾಯ್ತು!”

ವಾದ್ಯವೃಂದದ ನಿರ್ದೇಶಕ ಕಲಿನಾ ತಾಳ ತೋರಿಸುವ ಕೋಲು ಇಳಿಸಿದರು. “ವೊಂಡ್ರಾ, ಬಾಯಿ ಮುಚ್ಕೊಂಡು ನುಡಿಸಿ. ಆಗಲ್ಲ ಅಂದ್ರೆ ಹೊರಗೆ ಹೋಗಿ.”

“ಹೆಂಡ್ತಿ ಮದುವೆಯಾದಾಗಿಂದ ಮುಚ್ಸಕ್ಕೆ ನೋಡ್ತಿದಾಳೆ, ನೀವೂ ಒಂದು ಕೈ ನೋಡಿ ಸಾರ್,” ಎಂದು ವೊಂಡ್ರ ತಿಂಡಿಗೆ ತಂದಿದ್ದ ಬನ್ನನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ.

ಕೋಲು ಆಡಿತು. ವೊಂಡ್ರ ಸರಿಯಾಗಿಯೇ ಎತ್ತಿಕೊಂಡ. ನಾವು ನಾಲ್ವರು ನಾಲ್ಕು ಬೇರೆ ಬೇರೆ ಗಳಿಗೆಗೆ ಶುರುಮಾಡಿದೆವು. ಇನ್ನೊಂದು ಮೇಣ ಹಾಳು. ಮತ್ತೆ ಶುರು, ಮತ್ತೆ ಅದೇ ಪಾಡು.

“ನಿಮಗೆಲ್ಲ ಏನಾಗಿದೆ?” ಕಲಿನಾ ಕೂಗಿದರು.

ಕೊನೆಗೆ ನಾನೇ ಹೇಳಿದೆ: “ಸಾರ್, ನಾವು ನಿಮ್ಮ ಕೋಲು ನೋಡಿ ಯಾವತ್ತೂ ಶುರು ಮಾಡಿದ್ದೇ ಇಲ್ಲ.”

ಇಡೀ ಸಭಾಂಗಣ ನಕ್ಕಿತು. ಕಲಿನಾ ಕೆಂಪಾದರು, ಆಮೇಲೆ ತಾವೂ ನಕ್ಕರು. “ಬನ್ನು ತೆಗೀರಿ ಮಾರಾಯ್ರೇ.”

ವೊಂಡ್ರ ತೆಗೆಯಲಿಲ್ಲ. ನಿಧಾನವಾಗಿ ಅಗಿದು ನುಂಗಿ, “ಉಪ್ಪು ಜಾಸ್ತಿ,” ಎಂದ. ಎಲ್ಲರೂ ಕಾದೆವು. ಆ ಸಲ ಹಿಡಿದದ್ದೇ ಅಂಗಡಿಗೆ ಹೋಯಿತು. ಪತ್ರಿಕೆಯವನೊಬ್ಬ ಅದರಲ್ಲಿ ರೆಹಾಕರ ಆತ್ಮದ ನಿಟ್ಟುಸಿರು ಕೇಳಿಸಿತೆಂದು ಬರೆದ. ವೊಂಡ್ರ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಓದಿ ಹೇಳಿದ.

ಅವನು ತೀರಿಕೊಂಡದ್ದು ಮರುವರ್ಷದ ಚಳಿಗಾಲದಲ್ಲಿ. ಮಣ್ಣು ಮಾಡಿ ಬಂದು ಮೂಲೆಯ ಬಿಯರ್ ಅಂಗಡಿಯಲ್ಲಿ ಕೂತಿದ್ದಾಗ ಅವನ ಹೆಂಡತಿ ಆ ತಟ್ಟೆ ಹಾಕಿಸಿದಳು. ಸೂಜಿ ಸ್ವಲ್ಪ ಹೊತ್ತು ಗರಗರ ಅಂದಿತು. ಆಮೇಲೆ ‘ಹೂಂ.’

ನಮ್ಮ ನಾಲ್ವರ ಬಲಗೈಗಳು ಕಮಾನು ಹಿಡಿದಂತೆ ತಾವಾಗಿ ಮೇಲೆದ್ದವು.