ಅಕ್ಕೋರು ಮತ್ತು ಮಲಗಿದ ವೈರಸ್

ಅಕ್ಕೋರ ಎಡಹುಬ್ಬು ಅರ್ಧವೇ ಇತ್ತು. ಪ್ರಯೋಗಾಲಯದ ಸ್ಪಿರಿಟ್ ದೀಪ ಸುಟ್ಟ ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ಪೆನ್ಸಿಲ್‌ನಿಂದ ತಿದ್ದಿಕೊಳ್ಳಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಯಾರನ್ನ ನಂಬ್ಸೂಕೆ?" ಎಂದಿದ್ದರು.

ಕಾರವಾರದ ಕಾಲೇಜಿನಲ್ಲಿ ಅವರು ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದರು; ನಮ್ಮ ಕಡೆ ಟೀಚರಮ್ಮ ಎಂದರೆ ಅಕ್ಕೋರು. ನಾನು ಕಡಲಬದಿಯ ಭಾವಿಕೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಕೊನೆಯ ವರ್ಷದ ಸೆಮಿನಾರಿಗೆ ನಾನು ಎಚ್‌ಐವಿ ಆರಿಸಿಕೊಂಡೆ. ನಮ್ಮ ಜೀವಕೋಶದೊಳಗೆ ಅದು ಹೇಗೆ ಹೆಚ್ಚುತ್ತದೆ ಎಂಬುದು ವಿಷಯ. ಹೆಸರು ಕೇಳಿಯೇ ವಿಭಾಗದ ಮುಖ್ಯಸ್ಥರು ಮುಖ ಸಿಂಡರಿಸಿದರು.

"ಹೆಣ್ಮಕ್ಳು ಮಾತಾಡೋ ವಿಷಯ ಅಲ್ಲ ಅದು. ಏಡಿ ಬಗ್ಗೆ ಮಾತಾಡು. ನಿಮ್ಮ ಕಡೆಯವ್ರಿಗೆ ಅದಾದ್ರೂ ಗೊತ್ತಿರ್ತದೆ."

"ಏಡಿ ನೀವೇ ಇಟ್ಕಳ್ಳಿ ಸರ್," ಎಂದರು ಅಕ್ಕೋರು ಪಕ್ಕದ ಮೇಜಿನಿಂದ. "ಇವ್ಳು ವೈರಸ್ಸೇ ಮಾತಾಡ್ತಾಳೆ."

ಸೆಮಿನಾರಿನಲ್ಲಿ ಎಡವಿದರೆ ಎಂ.ಎಸ್ಸಿಗೆ ಶಿಫಾರಸು ಇಲ್ಲ ಎಂದು ಮುಖ್ಯಸ್ಥರು ಅಲ್ಲೇ ಹೇಳಿಬಿಟ್ಟರು. ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ನನಗೆ ಇದ್ದದ್ದು ಎಂ.ಎಸ್ಸಿ ಒಂದೇ ದಾರಿ.

ನಾನು ಬರೆದ ಚಿತ್ರದಲ್ಲಿ ವೈರಸ್ಸು ಒಂದೇ ನಿಂತು ರಂಪಣಿ ಬಲೆ ಎಳೆಯುತ್ತಿತ್ತು. ಜೀವಕೋಶ ಮೀನಿನಂತೆ ಸಿಕ್ಕಿಬಿದ್ದಿತ್ತು. ಅಕ್ಕೋರು ನೋಡಿ ಜೋರಾಗಿ ನಕ್ಕರು.

"ಎಂತ ಮಾರಾಯ್ತಿ, ಕಡಲಬದಿಯವ್ಳಾಗಿ ಹಿಂಗೆ ಬರೀತಿಯಾ? ರಂಪಣಿ ಒಬ್ನೇ ಎಳ್ದದ್ದು ಎಲ್ಲಾದ್ರೂ ನೋಡಿದ್ಯಾ? ಬಲೆ ಯಾರದ್ದೇ ಇರ್ಲಿ, ಎಳೆಯೂಕೆ ದಂಡೆ ಮೇಲಿನ ಊರವರೆಲ್ಲ ಬರ್ಬೇಕು. ವೈರಸ್ಸು ಬಲೆ ಮಾತ್ರ ತರ್ತದೆ. ಎಳೆಯೋರು ನಮ್ಮೋರೇ."

ಆಗ ನನಗೆ ವಿಷಯ ಬಿಡಿಸಿಕೊಂಡಿತು. ವೈರಸ್ಸು ತನ್ನ ಜೀನುಗಳನ್ನು ನಮ್ಮ ಡಿಎನ್‌ಎಯೊಳಗೆ ಸೇರಿಸಿಬಿಡುತ್ತದೆ. ಅವುಗಳ ತಲೆಭಾಗದಲ್ಲಿ ಪುಟ್ಟ ಪುಟ್ಟ ಹಿಡಿಗಳಿವೆ. ನಮ್ಮ ಜೀನುಗಳನ್ನು ಎಬ್ಬಿಸಲೆಂದೇ ಇರುವ ನಮ್ಮದೇ ಪ್ರೋಟೀನುಗಳು ಬಂದು ಆ ಹಿಡಿಗಳಿಗೆ ಕೈಹಾಕಿದರೆ ವೈರಸ್ಸಿನ ಪ್ರತಿಗಳು ಹುಟ್ಟತೊಡಗುತ್ತವೆ. ಯಾರೂ ಕೈಹಾಕದಿದ್ದರೆ ಅದು ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ.

ಸೆಮಿನಾರಿನ ದಿನ ಮುಖ್ಯಸ್ಥರು ಮೊದಲ ಸಾಲಿನಿಂದಲೇ ಕೇಳಿದರು: "ಹಾಗಾದ್ರೆ ಆ ಹಿಡಿ ಕತ್ತರಿಸಿದ್ರೆ ಮುಗೀತಲ್ಲ?"

ನಾನು ಅಕ್ಕೋರತ್ತ ನೋಡಿದೆ. ಅವರು ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದರು.

"ಮುಗಿಯೂದಿಲ್ಲ ಸರ್. ಒಂದು ಹಿಡಿ ಕತ್ತರಿಸಿದ್ರೆ ವೇಗ ಕಡಿಮೆ ಆಗ್ತದೆ. ಉಳಿದ ಹಿಡಿಗೆ ಬೇರೆ ಪ್ರೋಟೀನು ಬರ್ತದೆ. ಯಾವ ಕೋಶದಲ್ಲಿ ಯಾವುದು ಬರ್ತದೆ ಅಂತ ತಿಳೀಬೇಕು. ಅದಕ್ಕೇ ನಾನು ಮುಂದೆ ಓದ್ಬೇಕು."

ಮುಖ್ಯಸ್ಥರು ಶಿಫಾರಸು ಪತ್ರಕ್ಕೆ ಸಹಿ ಹಾಕಿದರು. ಹೊರಗೆ ಬಂದವಳೇ ನಾನು ಅಕ್ಕೋರ ಮೇಲೆ ಹರಿಹಾಯ್ದೆ: ಒಂದು ಮಾತಾದರೂ ಆಡಬಾರದಿತ್ತೇ?

"ಆಡಿದ್ರೆ ಆ ಸಹಿ ನನ್ಗೆ ಸಿಕ್ತಿತ್ತು. ನಿಂಗಲ್ಲ."

ಈಗ ನನ್ನ ಸಂಶೋಧನೆ ಆ ಮಲಗಿದ ವೈರಸ್ಸಿನ ಮೇಲೆಯೇ. ಕಳೆದ ಮಳೆಗಾಲದಲ್ಲಿ ಅಕ್ಕೋರು ಹಬ್ಬುವಾಡದ ತಮ್ಮ ಮನೆಯಲ್ಲಿ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ಅವರದು ಸೌಮ್ಯ ಸ್ವಭಾವ, ಯಾರಿಗೂ ಎದುರಾಡಿದವರಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. ಯಾರೂ ಕರೆಯದಿದ್ದರೂ ಎದ್ದು ನಿಂತೆ.

"ಸುಳ್ಳು. ಅಕ್ಕೋರು ಜಗಳಗಂಟಿ. ನನ್ನಂಥವರಿಗೋಸ್ಕರ ಇದೇ ಕಟ್ಟಡದಲ್ಲಿ ಜಗಳ ಆಡಿದವ್ರು."

ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನೋಡಲಿ. ಸತ್ತ ಮೇಲೆ ಅವರನ್ನು ಸಾಧು ಮಾಡುವುದಕ್ಕೆ ನಾನಿರುವವರೆಗೂ ಬಿಡುವುದಿಲ್ಲ.